ಉದ್ರಿ ಅಂಡರ್‌ಟೇಕರ್

ಹೋದ ವರ್ಷ ಇಂಟರ್ನ್‌ಶಿಪ್‌ಗೆ ಅಂತ ಮೂಲ ದಾಖಲೆ ತೆಗೆಯುವಾಗ ನನ್ನ ಫೈಲಿನಿಂದ ಒಂದು ಕಾರ್ಡು ಜಾರಿ ಕೆಳಗೆ ಬಿತ್ತು. ಮಾರ್ಕ್ಸ್ ಕಾರ್ಡ್ ಇರಬೇಕು ಅಂತ ರೂಮ್‌ಮೇಟ್ ಎತ್ತಿಕೊಂಡ. ನೋಡಿದರೆ ಅಂಡರ್‌ಟೇಕರ್! ಮೂಲೆ ಸವೆದು ದುಂಡಗಾಗಿತ್ತು, ನಡುವೆ ಮಡಚಿದ ಗೆರೆ ಇತ್ತು.

"ಲೇ, ಇದನ್ನ ಇನ್ನೂ ಇಟ್ಟೀಯೇನೋ? ನನಗ ಕೊಡು, ಬೇಕಂದ್ರ ಒಂದು ಬಿರ್ಯಾನಿ ಕೊಡಸ್ತೀನಿ."

"ಇಲ್ಲ, ಕೊಡಾಕ ಬರೂದಿಲ್ಲ."

"ಯಾಕ?"

"ಅದು ಪೂರಾ ನಂದಲ್ಲ. ಉದ್ರಿ ತಗೊಂಡದ್ದು."

ಅವ ನಕ್ಕ. ನಾನೂ ನಕ್ಕೆ. ಆದರೆ ಹೇಳಿದ್ದು ಖರೇನೇ ಇತ್ತು.

ನಮ್ಮ ಬ್ಯಾಚಿನವರಿಗೆ ಡಬ್ಲ್ಯೂಡಬ್ಲ್ಯೂಇ ಕಾರ್ಡಿನ ಆಟ ಬಿಡಿಸಿ ಹೇಳಬೇಕಾಗಿಲ್ಲ. ಜೂನಿಯರ್‌ಗಳಿಗಾಗಿ ಹೇಳ್ತೀನಿ. ಪ್ರತಿ ಕಾರ್ಡಿನ ಮೇಲೆ ಒಬ್ಬ ಪೈಲ್ವಾನನ ಫೋಟೋ, ಕೆಳಗೆ ರ‍್ಯಾಂಕ್, ಎತ್ತರ, ತೂಕ, ಎದೆ, ತೋಳು, ಆಡಿದ ಕುಸ್ತಿ, ಗೆದ್ದ ಕುಸ್ತಿ ಅಂತ ಅಂಕಿಗಳು. ಕಾರ್ಡುಗಳನ್ನು ಸಮ ಹಂಚಿಕೊಂಡು, ಮೇಲಿನ ಕಾರ್ಡು ನೋಡಿ ಒಬ್ಬ "ತೂಕ" ಅಂತಾನೆ. ಯಾರ ಅಂಕಿ ದೊಡ್ಡದೋ ಅವನಿಗೆ ಇಬ್ಬರ ಕಾರ್ಡೂ ಸೇರ್ತಾವೆ. ರ‍್ಯಾಂಕಿನಲ್ಲಿ ಮಾತ್ರ ಸಣ್ಣ ಅಂಕಿ ಗೆಲ್ಲುತ್ತದೆ. ಬಿಗ್ ಶೋ ಇದ್ದರೆ ತೂಕ ಕೇಳು, ರೇ ಮಿಸ್ಟೀರಿಯೊ ಬಂದರೆ ಎತ್ತರದ ಹೆಸರು ತೆಗೀಬೇಡ. ಮುಗೀತು. ನಮ್ಮ ಭಾಷೆಯಲ್ಲಿ ಹೇಳೋದಾದರೆ ನಾಲ್ಕು ಸಾಲಿನ ಇಫ್-ಎಲ್ಸ್ ಪ್ರೋಗ್ರಾಮ್.

ಇಂಥ ಬರಡು ಆಟವನ್ನು ನಾವು ಸೂರ್ಯ ಮುಳುಗುವ ತನಕ ಯಾಕೆ ಆಡ್ತಿದ್ದಿವಿ ಅಂತ ಈಗ ಯೋಚಿಸಿದರೆ ಒಂದೇ ಉತ್ತರ ಹೊಳೆಯುತ್ತದೆ. ಆಟ ನಡೀತಿದ್ದದ್ದು ಕಾರ್ಡಿನ ಮೇಲಲ್ಲ, ವ್ಯವಹಾರದಲ್ಲಿ.

ನಮ್ಮೂರು ನಾಗನೂರ. ಈಗ ಮೂಡಲಗಿ ತಾಲೂಕು, ನಾನು ಸಣ್ಣವನಿದ್ದಾಗ ಗೋಕಾಕ ತಾಲೂಕು. ಸುತ್ತಲೂ ಕಬ್ಬು. ವ್ಯವಹಾರವನ್ನು ನಮಗೆ ಯಾರೂ ಕೂಡಿಸಿಕೊಂಡು ಕಲಿಸಲಿಲ್ಲ, ನೋಡಿ ಕಲಿತಿವಿ. ದನದ ಸಂತೆಯಲ್ಲಿ ದಲ್ಲಾಳಿಗಳು ಟವೆಲ್ ಕೆಳಗೆ ಕೈ ಹಾಕಿ, ಬೆರಳು ಹಿಡಿದು ಎತ್ತಿನ ರೇಟು ಮಾತಾಡ್ತಿದ್ದರು. ಜಾತ್ರೆ ಕುಸ್ತಿಯಲ್ಲಿ ಹಿರಿಯರು ಕಣದಲ್ಲೇ ನಿಂತು ಯಾರಿಗೆ ಯಾರ ಜೋಡಿ, ಇನಾಮು ಎಷ್ಟು, ನಿಕಾಲಿ ಆಗಬೇಕೋ ಸಮಾನ ಬಿಡಿಸಬೇಕೋ ಅಂತ ವಾದ ಮಾಡ್ತಿದ್ದರು. ಕುಸ್ತಿಗಿಂತ ಆ ವಾದವೇ ಹೆಚ್ಚು ಹೊತ್ತು ನಡೀತಿತ್ತು. ಅದನ್ನೆಲ್ಲ ನಾವು ಕಾರ್ಡಿಗೆ ತಂದಿವಿ. ಅಂಗಿ ತುದಿಯ ಕೆಳಗೆ ಕೈ ಹಾಕಿ ಬೆರಳು ಹಿಡೀತಿದ್ದಿವಿ. "ನೀ ನನ್ನ ಮ್ಯಾಲೆ ರ‍್ಯಾಂಕ್ ಕೇಳಬ್ಯಾಡ, ನಾ ನಿನ್ನ ಮ್ಯಾಲೆ ತೂಕ ಕೇಳೂದಿಲ್ಲ" ಅಂತ ಒಪ್ಪಂದ ಮಾಡಿಕೊಂಡು ಇಬ್ಬರು ಸೇರಿ ಮೂರನೆಯವನನ್ನು ಖಾಲಿ ಮಾಡ್ತಿದ್ದಿವಿ. ಕಾರ್ಡು ಉದ್ರಿ ಕೊಡೋದು, ಒತ್ತಿ ಇಡೋದು, ಬಡ್ಡಿ ಹಾಕೋದು, ಎಲ್ಲಾ ಇತ್ತು.

ಕಾರ್ಡಿಗೆ ಕಥೆ ಅಂಟಿಕೊಳ್ತಿದ್ದದ್ದು ಹೀಗೆ. ನಮ್ಮ ಓಣಿಯ ಒಬ್ಬ ಖಲಿ ಮೂರು ಸಲ ಒತ್ತಿ ಬಿದ್ದು ಮೂರೂ ಸಲ ಬಿಡುಗಡೆ ಆಗಿ ಬಂದವನು. ಭಾರತದವನು ಬೇರೆ, 2006ರಲ್ಲಿ ಅಂಡರ್‌ಟೇಕರ್‌ನನ್ನೇ ಸೋಲಿಸಿದವನು, ಹಂಗಾಗಿ ಅವನನ್ನು ಬಿಡಿಸೋದು ಊರ ಮರ್ಯಾದೆಯ ಪ್ರಶ್ನೆ. ಇನ್ನೊಬ್ಬ ಕೇನ್ ಇದ್ದ, ಅವನ ಒಂದು ಅಂಕಿಯ 3ನ್ನು ಯಾರೋ ಪೆನ್ನಿನಿಂದ 8 ಮಾಡಿದ್ದರು. ಅವತ್ತಿಂದ ಅವನ ಹೆಸರು "ಖೊಟ್ಟಿ ಕೇನ್". ಇವು ಯಾವುವೂ ಅಚ್ಚು ಹಾಕಿದವರಿಗೆ ಗೊತ್ತಿಲ್ಲದ ಕಥೆಗಳು.

ಈಗ ನನ್ನ ಉದ್ರಿಯ ಮಾತಿಗೆ ಬರ್ತೀನಿ.

2013ರ ಹಂಗಾಮಿನಲ್ಲಿ, ನಾನು ಐದನೇ ಇಯತ್ತೆ, ನಮ್ಮ ಹೊಲದ ಪಕ್ಕದ ಬೀಳು ಜಾಗದಲ್ಲಿ ಮಹಾರಾಷ್ಟ್ರದ ಬೀಡ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗ್ ಬಂದು ಗುಡಿಸಲು ಹಾಕಿತು. ಅದರಲ್ಲಿ ನನ್ನ ವಯಸ್ಸಿನ ಒಬ್ಬ ಹುಡುಗ. ನಾವು ಅವನಿಗೆ ಬೀಡ್ಯಾ ಅಂತಿದ್ದಿವಿ. ಅವ್ವ-ಅಪ್ಪ ನಸುಕಿನಲ್ಲೇ ಕೊಯ್ತಾ ಹಿಡಿದು ಹೊಲಕ್ಕೆ ಹೋದರೆ ಇವನು ಸಣ್ಣ ತಂಗಿಯನ್ನು ಸೊಂಟದ ಮೇಲೆ ಹೊತ್ತು ಎತ್ತು ಕಾಯುತ್ತಿದ್ದ. ಸಾಲಿಗೆ ಬರ್ತಿರಲಿಲ್ಲ. ಮರಾಠಿ ಮಾತಾಡ್ತಿದ್ದ, ನಮಗೂ ಅಷ್ಟಿಷ್ಟು ಬರ್ತಿತ್ತು. ಅವನ ಹತ್ತಿರ ಒಂದೇ ಒಂದು ಕಾರ್ಡಿತ್ತು. ಅದು ಅಂಡರ್‌ಟೇಕರ್.

ಆಗ ಅಂಡರ್‌ಟೇಕರ್ ಅಂದರೆ ಏನು ಅಂತ ನಿಮಗೆ ಗೊತ್ತಲ್ಲ. ರೆಸಲ್‌ಮೇನಿಯಾದಲ್ಲಿ 21 ಸಲ ಆಡಿ 21 ಸಲವೂ ಗೆದ್ದವನು. ಆದರೆ ಒಂದು ಕಾರ್ಡು ಇಟ್ಟುಕೊಂಡು ಆಡಾಕ ಬರೂದಿಲ್ಲ. ಕಡಿಮೆ ಅಂದರೂ ಹತ್ತು ಬೇಕು. ಬೀಡ್ಯಾನಿಗೆ ಆಟಕ್ಕೆ ಸೇರಬೇಕಾಗಿತ್ತು, ನನಗೆ ಅಂಡರ್‌ಟೇಕರ್ ಬೇಕಾಗಿತ್ತು. ಅಂಗಿ ಕೆಳಗೆ ಬೆರಳು ಹಿಡಿದಿವಿ. ಹತ್ತು ಕಾರ್ಡಿಗೆ ಮಾತು ಮುರೀತು. ನಾಲ್ಕು ಅವತ್ತೇ ಸಂಚಕಾರ, ಉಳಿದ ಆರು ಯುಗಾದಿಗೆ.

"ನಕ್ಕಿ?" ಅಂದ.

"ನಕ್ಕಿ" ಅಂದೆ.

ಆ ಆರು ಕಾರ್ಡು ಅವತ್ತೇ ನನ್ನ ಕಿಸೆಯಲ್ಲಿದ್ದವು. ಯಾಕೆ ಕೊಡಲಿಲ್ಲ? ಹತ್ತು ಕಾರ್ಡು ಕೊಟ್ಟರೆ ಅವ ಸರಿಯಾಗಿ ಆಡ್ತಾನೆ, ಗೆದ್ದರೂ ಗೆಲ್ತಾನೆ. ನಾಲ್ಕೇ ಇದ್ದರೆ ಎರಡು ಸುತ್ತಿಗೆ ಸೋತು ಮತ್ತೆ ನನ್ನ ಹತ್ತಿರವೇ ಬರ್ತಾನೆ. ಹತ್ತು ವರ್ಷದ ಹುಡುಗನಿಗೆ ಇಷ್ಟು ಬುದ್ಧಿ ಎಲ್ಲಿಂದ ಬಂತೋ. ಆದದ್ದೂ ಹಂಗೇ. ಅವ ನಾಲ್ಕನ್ನೂ ಸೋತ. ಎರಡು ಸಾಲ ಕೇಳಿದ, ಕೊಟ್ಟೆ. ಗಣಿತದ ನೋಟಬುಕ್ಕಿನ ಕೊನೆಯ ಪುಟದಲ್ಲಿ ಬರೆದುಕೊಂಡೆ. ಕೊಡಬೇಕಾದ ಆರರಲ್ಲಿ ಸಾಲದ ಎರಡು ಕಳೆದೆ, ಬಡ್ಡಿ ಅಂತ ಇನ್ನೆರಡು ಕಳೆದೆ. ಬಾಕಿ ಎರಡು. ಅವನಿಗೆ ಕನ್ನಡ ಓದಾಕ ಬರ್ತಿರಲಿಲ್ಲ. ಪುಟ ತೋರಿಸಿದೆ, ತಲೆ ಆಡಿಸಿದ.

ಮಾರ್ಚ್‌ನಲ್ಲಿ ಹಂಗಾಮು ಮುಗಿಯಿತು. ಒಂದು ದಿನ ಸಾಲಿ ಬಿಟ್ಟು ಬರುವಾಗ ನೋಡಿದರೆ ಗುಡಿಸಲು ಇದ್ದ ಜಾಗದಲ್ಲಿ ಒಲೆಯ ಬೂದಿ, ಒಂದಿಷ್ಟು ರವದಿ. ಗ್ಯಾಂಗ್ ಎತ್ತಿಕೊಂಡು ಹೋಗಿತ್ತು. ಆ ವರ್ಷ ಯುಗಾದಿ ಬಂದದ್ದು ಮಾರ್ಚ್ 31ಕ್ಕೆ.

ಅದಾಗಿ ಒಂದೇ ವಾರಕ್ಕೆ, 2014ರ ಏಪ್ರಿಲ್ 6ರಂದು, ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಬ್ರಾಕ್ ಲೆಸ್ನರ್ ಅಂಡರ್‌ಟೇಕರ್‌ನನ್ನು ಕೆಡವಿದ. 21-1. ನಾಗನೂರಿನಲ್ಲಿ ಸುದ್ದಿ ಮುಟ್ಟಿದ ದಿನವೇ ಮಾರ್ಕೆಟ್ ಬಿತ್ತು. ಕಾರ್ಡಿನ ಮೇಲಿನ ಒಂದು ಅಂಕಿಯೂ ಬದಲಾಗಿರಲಿಲ್ಲ. ಆದರೂ ಹತ್ತು ಕಾರ್ಡಿನ ಅಂಡರ್‌ಟೇಕರ್‌ಗೆ ಎರಡು ಕೊಡುವವರೂ ಸಿಗಲಿಲ್ಲ.

ಆಗ ಗೆಳೆಯನೊಬ್ಬ ಅಂದ, "ಬೀಡ್ಯಾ ಭಾರಿ ಶಾಣ್ಯಾ ಬಿಡಲೇ. ಬೀಳೂ ಎತ್ತು ನಿನ್ನ ಕೊರಳಿಗೆ ಕಟ್ಟಿ ಹೋದ ನೋಡು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಮಾತು ಕಥೆಯಾಯಿತು. ಬರಬರುತ್ತ ಬೆಳೆಯಿತು. ಬೀಡ್ಯಾನ ಕಾಕಾ ಪುಣೆಯಲ್ಲಿದ್ದ, ಅವನಿಗೆ ಮೊದಲೇ ಗೊತ್ತಿತ್ತು, ಅದಕ್ಕೇ ರಾತ್ರೋರಾತ್ರಿ ಓಡಿಹೋದ. ನಾನು ತಿದ್ದಲಿಲ್ಲ. ಯಾಕಂದರೆ ಆ ಕಥೆಯಲ್ಲಿ ನಾನು ದಡ್ಡ. ಖರೇ ಕಥೆಯಲ್ಲಿ ನಾನು ಕಳ್ಳ. ದಡ್ಡನಾಗೋದು ಸಸ್ತಾ ಇತ್ತು.

ಇಂಜಿನಿಯರಿಂಗ್‌ಗೆ ಬಂದ ಮೇಲೆ ಸೆಮಿನಾರ್‌ಗೆ ಅಂತ ಕಾರ್ಡ್ ಆಟಗಳ ಬಗ್ಗೆ ಓದಿದೆ. 1993ರಲ್ಲಿ ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಜ್ಞ 'ಮ್ಯಾಜಿಕ್: ದಿ ಗ್ಯಾದರಿಂಗ್' ಆಟ ಮಾಡಿದಾಗ, ಶುರುವಿನಲ್ಲೇ ಇಬ್ಬರೂ ತಮ್ಮ ಕಟ್ಟಿನಿಂದ ಒಂದೊಂದು ಕಾರ್ಡು ಪಣಕ್ಕಿಡಬೇಕು, ಗೆದ್ದವನಿಗೆ ಎರಡೂ ಅಂತ ನಿಯಮ ಇತ್ತಂತೆ. ಆಟಗಾರರಿಗೆ ಅದು ಹಿಡಿಸಲಿಲ್ಲ, ಮುಂದೆ ಬಿಟ್ಟುಬಿಟ್ಟರು. 1995ರ 'ಲೆಜೆಂಡ್ ಆಫ್ ದಿ ಫೈವ್ ರಿಂಗ್ಸ್' ಆಟದಲ್ಲಂತೂ ಟೂರ್ನಮೆಂಟಿನಲ್ಲಿ ಯಾವ ಕುಲದ ಆಟಗಾರ ಗೆದ್ದ ಅನ್ನೋದನ್ನು ನೋಡಿ ಕಂಪನಿಯವರು ಮುಂದಿನ ಕಥೆ ಬರೀತಿದ್ದರು. ಓದುವಾಗ ನಗು ಬಂತು. ನಮ್ಮ ಓಣಿಯಲ್ಲಿ ಬರೆಯುವ ಕಂಪನಿ ಇರಲಿಲ್ಲ ಅಷ್ಟೇ. ಆಡುವವರ ಕೊಡು-ತಗೋ ನೋಡಿ ನಾವೇ ಕಥೆ ಕಟ್ಟಿಕೊಳ್ತಿದ್ದಿವಿ, ಯಾರ ಬಾಯಿ ಜೋರೋ ಅವನ ಕಥೆ ನಿಲ್ಲುತ್ತಿತ್ತು.

ಇತ್ತೀಚೆಗೆ ರೂಮ್‌ಮೇಟ್ ಮೊಬೈಲಿನಲ್ಲಿ ಪೋಕೆಮಾನ್ ಕಾರ್ಡಿನ ಆ್ಯಪ್ ಆಡ್ತಾನೆ. 2024ರ ಅಕ್ಟೋಬರ್‌ನಲ್ಲಿ ಬಂದ ಆ್ಯಪ್ ಅದು. 2025ರ ಜನವರಿ ಕೊನೆಗೆ ಅದಲಿ-ಬದಲಿ ಮಾಡುವ ಸೌಲಭ್ಯ ಕೊಟ್ಟರು. ಆಗ ಇದ್ದ ನಿಯಮ, ಒಂದಕ್ಕೆ ಒಂದೇ ಕಾರ್ಡು, ಅದೂ ಒಂದೇ ದರ್ಜೆಯದು. ಸಾಲ ಇಲ್ಲ, ವಾಯಿದೆ ಇಲ್ಲ. "ಇದೇನ್ಲೇ, ಗೆಳೆಯಾಗ ಒಂದು ಚಲೋ ಕಾರ್ಡ್ ಸುಮ್ನ ಕೊಡಾಕೂ ಬರೂದಿಲ್ಲ" ಅಂತ ಅವ ಆಗ ಬೈಯುತ್ತಿದ್ದ.

ನನಗೆ ಮೊದಲು ಅನಿಸಿದ್ದು, ಇಂಥ ನಿಯಮ ನಾಗನೂರಿನಲ್ಲಿ ಇದ್ದಿದ್ದರೆ ಬೀಡ್ಯಾನಿಗೆ ಮೋಸ ಆಗ್ತಿರಲಿಲ್ಲ ಅಂತ. ಆಮೇಲೆ ಲೆಕ್ಕ ಹಾಕಿದೆ. ಒಂದಕ್ಕೆ ಒಂದೇ ಅಂದರೆ ಅವನ ಕೈಯಲ್ಲಿ ಯಾವಾಗಲೂ ಒಂದೇ ಕಾರ್ಡು ಉಳೀತಿತ್ತು. ಆ್ಯಪ್‌ನವರು ದಿನಾ ಪುಕ್ಕಟೆ ಪ್ಯಾಕ್ ಕೊಡ್ತಾರೆ, ನಮ್ಮೂರಲ್ಲಿ ಅವನಿಗೆ ಯಾರು ಕೊಡ್ತಿದ್ದರು? ಅವ ಆಟಕ್ಕೆ ಬರಬೇಕಾದರೆ ಒಂದಕ್ಕೆ ಹತ್ತರ ವ್ಯವಹಾರವೇ ಬೇಕಾಗಿತ್ತು. ವ್ಯವಹಾರದಲ್ಲಿ ತಪ್ಪಿರಲಿಲ್ಲ. ವಹಿ ಬರೆದವನ ಕೈ ಸರಿ ಇರಲಿಲ್ಲ.

ಇನ್ನೊಂದು ಮಾತು ದೊಡ್ಡವನಾದ ಮೇಲೆ ತಿಳಿಯಿತು. ಬೀಡದ ಗ್ಯಾಂಗಿನಲ್ಲಿ ಗಂಡ-ಹೆಂಡತಿ ಇಬ್ಬರನ್ನೂ ಸೇರಿಸಿ ಒಂದು 'ಕೊಯ್ತಾ' ಅಂತ ಲೆಕ್ಕ. ಹಂಗಾಮಿಗೆ ಮೊದಲೇ ಮುಕಾದಮ ಅಡ್ವಾನ್ಸ್ ಕೊಟ್ಟಿರ್ತಾನೆ, ಕಡಿದ ಕಬ್ಬಿನ ಕೂಲಿಯಲ್ಲಿ ಅದನ್ನು ಮುರಿದುಕೊಳ್ತಾ ಹೋಗ್ತಾನೆ. ತೀರದಿದ್ದರೆ ಮುಂದಿನ ವರ್ಷ ಮತ್ತೆ ಬರಬೇಕು. ನಾನು ಪುಟ ತೋರಿಸಿದಾಗ ಬೀಡ್ಯಾ ಯಾಕೆ ಎದುರು ಮಾತಾಡದೆ ತಲೆ ಆಡಿಸಿದ ಅನ್ನೋದು ಆಗ ಅರ್ಥ ಆಯಿತು. ಇಂಥ ಲೆಕ್ಕ ಅವನಿಗೆ ಹೊಸದಾಗಿರಲಿಲ್ಲ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಗೆಳೆಯರೆಲ್ಲ ಕಟ್ಟೆ ಮೇಲೆ ಕೂತಿದ್ದಿವಿ. ಮತ್ತೆ ಅದೇ ಕಥೆ ಎದ್ದಿತು, ಬೀಡ್ಯಾ ಹೆಂಗ ಟೋಪಿ ಹಾಕಿದ ಅಂತ. ಈ ಸಲ ನಾನು ನಡುವೆ ಬಾಯಿ ಹಾಕಿ ನೋಟಬುಕ್ಕಿನ ಲೆಕ್ಕ, ಬಡ್ಡಿ, ಕಿಸೆಯಲ್ಲಿದ್ದ ಆರು ಕಾರ್ಡು, ಎಲ್ಲಾ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಆಮೇಲೆ ಒಬ್ಬ ಅಂದ, "ಮಸ್ತ್ ಕಥಿ ಇತ್ತಲೇ ಅದು. ಯಾಕ ಕೆಡಿಸಿದಿ?"

ಕೆಟ್ಟರೆ ಕೆಡಲಿ ಅಂದೆ. ದೂರದ ಹೊಲದಲ್ಲಿ ಆ ವರ್ಷದ ಗ್ಯಾಂಗು ಹೊಸ ಗುಡಿಸಲು ಕಟ್ಟುತ್ತಿತ್ತು. ಒಬ್ಬ ಹುಡುಗ ಸಣ್ಣ ಕೂಸನ್ನು ಸೊಂಟದ ಮೇಲೆ ಹೊತ್ತು ನಿಂತಿದ್ದ.

ಅಂಡರ್‌ಟೇಕರ್ ಈಗಲೂ ನನ್ನ ಫೈಲಿನಲ್ಲೇ ಇದ್ದಾನೆ. ಮಾರೋದಿಲ್ಲ, ಬದಲಿಗೂ ಕೊಡೋದಿಲ್ಲ. ಹಿಂದೆ ಪೆನ್ಸಿಲಿನಿಂದ ಬರೆದಿಟ್ಟೀನಿ: ಬಾಕಿ 6.