ಆಚೆ ದಡದ ಸಂಬಳ, ಈಚೆ ದಡದ ಸಂಸಾರ

ಬೆಳಗಿನ ಜಾವದ ನಾಲ್ಕೂವರೆ ಗಂಟೆ. ಮಲೇಷಿಯಾದ ದಕ್ಷಿಣ ತುದಿಯಲ್ಲಿರುವ ಜೊಹೋರ್ ಬಾರು ನಗರದಲ್ಲಿ ಬೆಳಕು ಹರಿಯುವುದಕ್ಕೆ ಇನ್ನೂ ಎರಡು ತಾಸಿನ ಮೇಲೆ ಹೊತ್ತು ಉಂಟು. ಭೂಮಧ್ಯರೇಖೆಗೆ ಸಮೀಪವಾದ ಈ ಊರಿನಲ್ಲಿ ಸೂರ್ಯನು ವರ್ಷವಿಡೀ ಗಡಿಯಾರದ ಏಳು ಗಂಟೆಯ ಆಸುಪಾಸಿನಲ್ಲಿಯೇ ಮೂಡುತ್ತಾನೆ. ಆದರೆ ಊರು ಅವನಿಗಾಗಿ ಕಾಯುವುದಿಲ್ಲ. ಓಣಿ ಓಣಿಗಳಿಂದ ಮೋಟಾರ್‌ಸೈಕಲ್ಲುಗಳು ಹೊರಟು, ಹಳ್ಳಗಳು ಹೊಳೆಗೆ ಸೇರುವಂತೆ, ದಕ್ಷಿಣದ ಒಂದೇ ಹೆದ್ದಾರಿಗೆ ಬಂದು ಸೇರುತ್ತವೆ. ಸವಾರರ ಬೆನ್ನಿಗೆ ಚೀಲ, ಮೈಮೇಲೆ ಮಳೆಯಂಗಿ, ಜೇಬಿನಲ್ಲಿ ಪಾಸ್‌ಪೋರ್ಟು. ಇವರು ತೀರ್ಥಯಾತ್ರೆಗೆ ಹೊರಟವರಲ್ಲ, ವಿದೇಶ ಪ್ರವಾಸಕ್ಕೆ ಹೊರಟವರೂ ಅಲ್ಲ. ದಿನದ ಕೆಲಸಕ್ಕೆ ಹೊರಟವರು. ಕೆಲಸವಿರುವುದು ಮಾತ್ರ ಪರದೇಶದಲ್ಲಿ.

ಆ ಪರದೇಶ ಕಣ್ಣಿಗೆ ಕಾಣುವಷ್ಟು ಹತ್ತಿರವಿದೆ. ತೆಬ್ರಾವು ಎಂಬ ಕಿರಿದಾದ ಜಲಸಂಧಿಯ ಆಚೆಗೆ ಸಿಂಗಪುರದ ದೀಪಗಳು ಮಿನುಗುತ್ತಿರುತ್ತವೆ. ಎರಡು ದಡಗಳನ್ನೂ ಕೂಡಿಸುವ ಕಲ್ಲಿನ ಒಡ್ಡುದಾರಿಯ ಉದ್ದ 1,056 ಮೀಟರು. ಎಂದರೆ, ನಿಧಾನವಾಗಿ ನಡೆದರೂ ಕಾಲು ಗಂಟೆಯ ಹಾದಿ. ಬುಕಿಟ್ ತಿಮಾ ಮತ್ತು ಪುಲಾವು ಉಬಿನ್ ಗಣಿಗಳ ಗ್ರಾನೈಟ್ ಬಂಡೆಗಳನ್ನು ಸಮುದ್ರಕ್ಕೆ ಸುರಿದು ಕಟ್ಟಿದ ಈ ದಾರಿಯ ಮೇಲೆ ಮೊದಲ ರೈಲು ಓಡಿದ್ದು 1923ರಲ್ಲಿ. ವಿಧಿವತ್ತಾದ ಉದ್ಘಾಟನೆ ಆದದ್ದು 1924ರ ಜೂನ್ 28ರಂದು. 1942ರ ಜನವರಿ 31ರಂದು, ಜಪಾನೀಯರ ಮುನ್ನಡೆಗೆ ಹಿಮ್ಮೆಟ್ಟಿದ ಬ್ರಿಟಿಷ್ ಸೇನೆ ಇದನ್ನು ಸಿಡಿಮದ್ದಿನಿಂದ ಒಡೆದಿತ್ತು. ಒಡೆದದ್ದನ್ನು ಮತ್ತೆ ಕೂಡಿಸಲು ಹೆಚ್ಚು ಕಾಲ ಹಿಡಿಯಲಿಲ್ಲ. ಕಲ್ಲಿನ ಬಿರುಕು ಬೇಗ ಮುಚ್ಚುತ್ತದೆ. ನಾಣ್ಯದ ಬಿರುಕು ಹಾಗಲ್ಲ.

ಒಂದು ಕಾಲದಲ್ಲಿ ಈ ಎರಡು ದಡಗಳಿಗೂ ಹಣ ಒಂದೇ ಆಗಿತ್ತು. ಮಲಯ ಮತ್ತು ಬ್ರಿಟಿಷ್ ಬೋರ್ನಿಯೋಗಳ ಡಾಲರು ಎರಡು ಕಡೆಯ ಸಂತೆಗಳಲ್ಲಿಯೂ ಸಲ್ಲುತ್ತಿತ್ತು. 1965ರ ಆಗಸ್ಟ್ 9ರಂದು ಸಿಂಗಪುರವು ಮಲೇಷಿಯಾದಿಂದ ಬೇರೆಯಾಯಿತು. 1967ರ ಜೂನ್‌ನಲ್ಲಿ ಅಣ್ಣತಮ್ಮಂದಿರು ಒಲೆ ಬೇರೆ ಮಾಡಿದಂತೆ ನಾಣ್ಯವನ್ನೂ ಬೇರೆ ಮಾಡಿಕೊಂಡರು. ಆದರೂ ಒಂದಕ್ಕೆ ಒಂದು ಎಂಬ ಲೆಕ್ಕ ಉಳಿದಿತ್ತು. ಈಚೆಯ ನೋಟನ್ನು ಆಚೆಯ ಅಂಗಡಿ ಬೇಡವೆನ್ನುತ್ತಿರಲಿಲ್ಲ. 1973ರ ಮೇ ತಿಂಗಳಿನಲ್ಲಿ ಆ ಒಪ್ಪಂದವೂ ಮುರಿಯಿತು. ಅಲ್ಲಿಂದಾಚೆಗೆ ಎರಡು ನಾಣ್ಯಗಳೂ ಎರಡು ದಾರಿ ಹಿಡಿದವು. ತನ್ನ ಡಾಲರು ಮೆಲ್ಲಮೆಲ್ಲನೆ ಬಲಗೊಳ್ಳುವಂತೆ ನೋಡಿಕೊಳ್ಳುವುದನ್ನೇ ಸಿಂಗಪುರವು 1980ರ ದಶಕದಿಂದ ತನ್ನ ಹಣಕಾಸಿನ ನೀತಿಯಾಗಿ ಮಾಡಿಕೊಂಡಿತು. 1997ರಲ್ಲಿ ಏಷ್ಯಾದ ಹಣಕಾಸಿನ ಬಿರುಗಾಳಿಗೆ ಸಿಕ್ಕಿದ ಮಲೇಷಿಯಾದ ರಿಂಗಿಟ್ ನೆಲಕಚ್ಚಿತು. ಆ ಬಿರುಗಾಳಿ ಅಡಗುವ ವೇಳೆಗೆ ಆಚೆಯ ಒಂದು ಡಾಲರಿಗೆ ಈಚೆ ಎರಡು ರಿಂಗಿಟ್‌ಗೂ ಹೆಚ್ಚು ಕೊಡಬೇಕಾಗಿತ್ತು. ಈಚಿನ ವರ್ಷಗಳಲ್ಲಿ ಈ ಲೆಕ್ಕ ಮೂರನ್ನೂ ದಾಟಿದೆ.

ಜೊಹೋರ್ ಬಾರುವಿನ ಮೋಟಾರ್‌ಸೈಕಲ್ಲುಗಳನ್ನು ನಡೆಸುವುದು ಪೆಟ್ರೋಲಲ್ಲ, ಈ ಲೆಕ್ಕ. ಒಬ್ಬನಿಗೆ ಆಚೆಯ ಕಾರ್ಖಾನೆಯಲ್ಲಿ ತಿಂಗಳಿಗೆ ಎರಡು ಸಾವಿರ ಡಾಲರ್ ಸಂಬಳ ಎಂದಿಟ್ಟುಕೊಳ್ಳಿ. ಸಿಂಗಪುರದಲ್ಲಿಯೇ ನೆಲೆಸಿದರೆ ಅದರಲ್ಲಿ ದೊಡ್ಡ ಪಾಲನ್ನು ಒಂದು ಕೋಣೆಯ ಬಾಡಿಗೆಯೇ ನುಂಗಿಬಿಡುತ್ತದೆ. ಅದೇ ಹಣವನ್ನು ಜೇಬಿನಲ್ಲಿಟ್ಟುಕೊಂಡು ಒಡ್ಡುದಾರಿಯನ್ನು ದಾಟಿ ಬಂದರೆ ಆರು ಸಾವಿರ ರಿಂಗಿಟ್ ಆಗುತ್ತದೆ. ಅದರಲ್ಲಿ ಮನೆಯ ಕಂತು ಸಲ್ಲುತ್ತದೆ, ಮಕ್ಕಳ ಶಾಲೆ ನಡೆಯುತ್ತದೆ, ತಾಯಿಯ ಔಷಧಕ್ಕೂ ಅಷ್ಟು ಉಳಿಯುತ್ತದೆ. ಒಂದು ಕಿಲೋಮೀಟರು ದಾಟಿದ ಮಾತ್ರಕ್ಕೆ ಒಂದು ಮೂರಾಗುವ ಈ ಇಂದ್ರಜಾಲಕ್ಕೆ ಮರುಳಾಗದವರು ಯಾರು?

ಆದರೆ ಇಂದ್ರಜಾಲಕ್ಕೂ ಶುಲ್ಕವಿದೆ, ಮತ್ತು ಅದನ್ನು ನಿದ್ರೆಯಲ್ಲಿ ತೆರಬೇಕು. ಬಸ್ಸಿನಲ್ಲಿ ಹೋಗುವವನು ಮೊದಲು ಮಲೇಷಿಯಾದ ಠಾಣೆಯಲ್ಲಿ ಇಳಿದು ಸಾಲಿನಲ್ಲಿ ನಿಲ್ಲಬೇಕು. ಮತ್ತೆ ಬಸ್ಸು ಹತ್ತಿ ಒಡ್ಡನ್ನು ದಾಟಬೇಕು. ವುಡ್‌ಲ್ಯಾಂಡ್ಸ್ ಠಾಣೆಯಲ್ಲಿ ಇಳಿದು ಮತ್ತೊಂದು ಸಾಲು. ಆಮೇಲೆ ಮೂರನೆಯ ಸಲ ಬಸ್ಸು. ಸಂಜೆ ಇದೇ ವಿಧಿ ತಿರುಗುಮುರುಗಾಗಿ. ದಿನವೊಂದಕ್ಕೆ ಸುಮಾರು 3 ಲಕ್ಷ ಜನ ಹಾದುಹೋಗುವ ಈ ಗಡಿ ಪ್ರಪಂಚದ ಅತ್ಯಂತ ನಿಬಿಡವಾದ ಭೂಗಡಿಗಳಲ್ಲಿ ಒಂದು. ವಾಹನಗಳು ಕದಲದ ದಿನ ಬಸ್ಸನ್ನು ಬಿಟ್ಟು ನಡೆದೇ ಸಮುದ್ರ ದಾಟುವವರೂ ಉಂಟು. ಕತ್ತಲಲ್ಲಿ ಹೊರಟು ಕತ್ತಲಲ್ಲಿ ಮರಳುವ ತಂದೆಗೆ ಮಕ್ಕಳು ಎಚ್ಚರವಾಗಿ ಸಿಕ್ಕುವುದು ಭಾನುವಾರಗಳಲ್ಲಿ ಮಾತ್ರ.

ಒಡ್ಡಿನ ಪಕ್ಕದಲ್ಲಿ ದಪ್ಪ ಕೊಳವೆಗಳು ಅದೇ ದಿಕ್ಕಿಗೆ ಸಾಗುತ್ತವೆ. ಜೊಹೋರಿನ ನದಿಯ ನೀರು ಸಿಂಗಪುರಕ್ಕೆ ಹೋಗುವ ದಾರಿ ಅದು. 1962ರ ಒಪ್ಪಂದದಂತೆ ಸಿಂಗಪುರವು ದಿನಕ್ಕೆ 25 ಕೋಟಿ ಗ್ಯಾಲನ್ನಿನವರೆಗೆ ನೀರನ್ನು ಎತ್ತಬಹುದು. ಕೊಡಬೇಕಾದ ಬೆಲೆ ಸಾವಿರ ಗ್ಯಾಲನ್ನಿಗೆ 3 ಸೆನ್, ಎಂದರೆ ರಿಂಗಿಟ್‌ನ ನೂರರಲ್ಲಿ ಮೂರು ಪಾಲು. ಶುದ್ಧಿಮಾಡಿದ ನೀರಿನಲ್ಲಿ ಒಂದಂಶ ಸಾವಿರ ಗ್ಯಾಲನ್ನಿಗೆ 50 ಸೆನ್‌ನಂತೆ ಜೊಹೋರಿಗೆ ಮರಳುತ್ತದೆ. ಒಪ್ಪಂದದ ಅವಧಿ 2061ರವರೆಗೆ. ನೀರಿನ ದರದ ಬಗ್ಗೆ ಎರಡು ಸರಕಾರಗಳಿಗೂ ವಾದವಿದೆ. ಪಕ್ಕದಲ್ಲಿಯೇ ಹರಿದುಹೋಗುವ ಜನರ ದುಡಿಮೆಗೆ ಒಪ್ಪಂದವಿಲ್ಲ. ಅದರ ದರವನ್ನು ನಾಣ್ಯದ ಪೇಟೆ ದಿನದಿನವೂ ಬರೆಯುತ್ತದೆ.

ಹಗಲಿನಲ್ಲಿ ಜೊಹೋರ್ ಬಾರುವನ್ನು ಸುತ್ತಿದರೆ ಈ ಕಥೆಯ ಇನ್ನೊಂದು ಮುಖ ಕಾಣುತ್ತದೆ. ಹತ್ತೊಂಬತ್ತನೆಯ ಶತಮಾನದ ಅರಮನೆ, ದಿಬ್ಬದ ಮೇಲೆ ಜಲಸಂಧಿಯನ್ನು ನೋಡುತ್ತ ನಿಂತ ಸುಲ್ತಾನ್ ಅಬು ಬಕರ್ ಮಸೀದಿ, ಗೋಡೆ ಮಾಡುಗಳಿಗೆಲ್ಲ ಬಣ್ಣದ ಗಾಜಿನ ಚೂರುಗಳನ್ನು ಹೊದಿಸಿಕೊಂಡು ಥಳಥಳಿಸುವ ರಾಜಕಾಳಿಯಮ್ಮನ ಗುಡಿ, ತಾನ್ ಹಿಯೋಕ್ ನೀ ಬೀದಿಯ ಹಳೆಯ ಚೀಣೀ ಅಂಗಡಿಗಳ ಸಾಲು, ಸೌದೆಯ ಒಲೆಯಲ್ಲಿ ಬೇಯುವ ಬಾಳೆಹಣ್ಣಿನ ಕೇಕಿನ ಪರಿಮಳ — ಇವೆಲ್ಲ ಊರಿನ ಸ್ವಂತ ಸೊತ್ತು. ಶನಿವಾರ ಬಂತೆಂದರೆ ಆಚೆಯ ದಡದವರು ಇತ್ತ ಧಾವಿಸುತ್ತಾರೆ. ಊಟ, ಕ್ಷೌರ, ಹಲ್ಲಿನ ವೈದ್ಯ, ಮನೆಯ ದಿನಸಿ: ಅವರಿಗೆ ಎಲ್ಲವೂ ಮೂರರಲ್ಲೊಂದು ಪಾಲಿನಂತೆ ತೋರುತ್ತದೆ. ಪೆಟ್ರೋಲು ತುಂಬಿಸಿಕೊಳ್ಳಲೆಂದೇ ಬರುವವರನ್ನು ತಡೆಯಲು, ಸಿಂಗಪುರದ ಕಾರುಗಳು ಟ್ಯಾಂಕಿನ ಮುಕ್ಕಾಲು ಭಾಗ ತುಂಬಿರದೆ ಗಡಿ ದಾಟಕೂಡದೆಂದು ಅಲ್ಲಿಯ ಕಾಯಿದೆ ವಿಧಿಸಿದೆ!

ಹೀಗೆ ಡಾಲರು ನಡೆದಾಡುವ ಬೀದಿಯಲ್ಲಿ ರಿಂಗಿಟ್ ಸಂಬಳದವನ ಪಾಡೇನು? ಜೊಹೋರ್ ಬಾರುವಿನ ಶಾಲೆಯಲ್ಲಿ ಪಾಠ ಹೇಳುವವಳಿಗೂ ಆಸ್ಪತ್ರೆಯ ದಾದಿಗೂ ಒಂದು ರಿಂಗಿಟ್ ಒಂದೇ ರಿಂಗಿಟ್. ಆದರೆ ಅವರ ನೆರೆಯ ಮನೆಗೆ ಆಚೆಯ ಸಂಬಳದವನು ಬೆಲೆ ಕಟ್ಟುತ್ತಾನೆ. ಹೋಟೆಲಿನವನು ಶನಿವಾರದ ಗಿರಾಕಿಯನ್ನು ನೆನೆದು ದರದ ಹಲಗೆಯನ್ನು ಬರೆಯುತ್ತಾನೆ. ಅಗ್ಗವಾದ ಊರು ಎಂಬುದು ಬಂದು ಹೋಗುವವನ ಮಾತು. ಅಲ್ಲಿಯೇ ಗಳಿಸಿ ಅಲ್ಲಿಯೇ ಉಣ್ಣುವವನಿಗೆ ಯಾವ ಊರೂ ಅಗ್ಗವಲ್ಲ. ಕಡೆಗೆ ಆ ದಾದಿಯೂ ಒಂದು ದಿನ ಪಾಸ್‌ಪೋರ್ಟು ಮಾಡಿಸಿಕೊಂಡು ಬೆಳಗಿನ ಸಾಲಿಗೆ ಸೇರಿದರೆ ಆಶ್ಚರ್ಯವೇನು?

ಇಂಥ ಬದುಕಿನ ಅಡಿಪಾಯ ಎಷ್ಟು ತೆಳುವೆಂಬುದು 2020ರ ಮಾರ್ಚ್‌ನಲ್ಲಿ ತಿಳಿಯಿತು. ಕೊರೊನಾ ವ್ಯಾಧಿಯನ್ನು ತಡೆಯಲು ಮಲೇಷಿಯಾ 18ನೆಯ ತಾರೀಖಿನಿಂದ ಗಡಿಯನ್ನು ಮುಚ್ಚುವುದಾಗಿ 16ರ ರಾತ್ರಿ ಸಾರಿತು. ಯೋಚನೆಗೆ ದೊರೆತದ್ದು ಒಂದು ಹಗಲು. ಮನೆಯಲ್ಲಿ ಉಳಿದರೆ ಸಂಬಳವಿಲ್ಲ, ಸಂಬಳವನ್ನು ಹಿಡಿದರೆ ಮನೆಯಿಲ್ಲ. 17ರ ರಾತ್ರಿ ಬಟ್ಟೆಬರೆಯ ಗಂಟುಗಳನ್ನು ಹೊತ್ತು ಸಾವಿರಾರು ಜನ ಒಡ್ಡುದಾರಿಯನ್ನು ದಾಟಿದರು. ನೌಕರರ ವಸತಿಗಾಗಿ ಸಿಂಗಪುರ ಸರಕಾರವು ಮಾಲೀಕರಿಗೆ ತಲೆಗೆ ರಾತ್ರಿಯೊಂದಕ್ಕೆ 50 ಡಾಲರಿನಂತೆ 14 ದಿನ ನೆರವಿತ್ತಿತು. ಆದರೂ ಮೊದಲ ರಾತ್ರಿಗಳಲ್ಲಿ ಕ್ರಾಂಜಿ ರೈಲು ನಿಲ್ದಾಣದ ಬಳಿ ನೆಲದ ಮೇಲೆಯೇ ಮಲಗಿದವರಿದ್ದರು. ಕೆಲವು ವಾರಗಳ ಮಾತೆಂದು ಹೊರಟವರು ಅವರು. ಆಗಸ್ಟ್‌ನಲ್ಲಿ, 90 ದಿನ ದುಡಿದ ಮೇಲೆ ರಜೆ ಪಡೆದು ಊರಿಗೆ ಹೋಗಬಹುದೆಂಬ ಏರ್ಪಾಡಾಯಿತು. ಅದಕ್ಕೂ ಹೋಗುವಾಗ ಬರುವಾಗ ಪ್ರತ್ಯೇಕವಾಸ. 2021ರ ನವೆಂಬರ್ 29ರಂದು ಲಸಿಕೆ ಪಡೆದವರಿಗಾಗಿ ಕೆಲವು ಬಸ್ಸುಗಳು ಓಡಿದವು. ಬಾಗಿಲು ಪೂರ್ತಿಯಾಗಿ ತೆರೆದದ್ದು 2022ರ ಏಪ್ರಿಲ್ 1ರಂದು.

ಎರಡು ವರ್ಷ! ಕಾಲು ಗಂಟೆ ನಡಿಗೆಯ ದೂರದಲ್ಲಿ ಮನೆ, ಆಚೆಯ ದಡದಲ್ಲಿ ನಿಂತರೆ ತಮ್ಮ ಊರಿನ ಕಟ್ಟಡಗಳು ಕಾಣುತ್ತವೆ, ಹೋಗುವಂತಿಲ್ಲ. ನಡೆಯಲು ಕಲಿಯದ ಕೂಸನ್ನು ಬಿಟ್ಟು ಹೋದವನು ಮರಳಿದಾಗ ಅದು ಮಾತನಾಡುತ್ತಿತ್ತು. ಹೊರಗೆ ನಿಂತ ಗಂಡಸು ಯಾರೆಂದು ತಾಯಿಯನ್ನು ಕೇಳುವಷ್ಟು ದೊಡ್ಡದಾಗಿತ್ತು.

ಬುಕಿಟ್ ಚಗಾರ್‌ನಿಂದ ವುಡ್‌ಲ್ಯಾಂಡ್ಸ್ ನಾರ್ತ್‌ವರೆಗೆ ನಾಲ್ಕು ಕಿಲೋಮೀಟರಿನ ಹೊಸ ರೈಲುಮಾರ್ಗದ ಕೆಲಸವನ್ನು, 2026ರ ಕೊನೆಯ ವೇಳೆಗೆ ಗಾಡಿ ಓಡಿಸುವ ಗುರಿಯಿಟ್ಟು, ಎರಡು ಸರಕಾರಗಳೂ ಕೈಗೊಂಡವು. ಗಂಟೆಗೆ ಒಂದೊಂದು ದಿಕ್ಕಿನಲ್ಲಿ 10,000 ಜನರನ್ನು ಸಾಗಿಸಬೇಕೆಂಬುದು ಅದರ ಯೋಜನೆ. ರೈಲು ನಿದ್ರೆಯ ಒಂದೆರಡು ತಾಸನ್ನು ಮರಳಿ ಕೊಟ್ಟೀತು. ಅದು ಸಣ್ಣ ಉಪಕಾರವಲ್ಲ. ಆದರೆ ಒಂದಕ್ಕೂ ಮೂರಕ್ಕೂ ನಡುವಿನ ಅಂತರವನ್ನು ಯಾವ ರೈಲೂ ದಾಟಿಸಲಾರದು. ಆ ಅಂತರವೇ ಇಲ್ಲವಾದ ದಿನ ಇಷ್ಟು ಜನ ರೈಲು ಹತ್ತುವ ಕಾರಣವೂ ಇರುವುದಿಲ್ಲ.

ರಾತ್ರಿ ಒಂಬತ್ತು ಗಂಟೆ. ಒಡ್ಡುದಾರಿಯ ಮೇಲೆ ಈಗ ದೀಪಗಳ ಪ್ರವಾಹ ಉತ್ತರಕ್ಕೆ. ಬರಿದಾದ ಬುತ್ತಿಯ ಡಬ್ಬಿ ಚೀಲದಲ್ಲಿ ಸದ್ದುಮಾಡುತ್ತಿದೆ. ಮನೆಯ ಬಾಗಿಲನ್ನು ಮೆಲ್ಲಗೆ ತೆರೆಯಬೇಕು; ಮಕ್ಕಳು ಮಲಗಿರುತ್ತಾರೆ. ಗಡಿಯಾರದ ಮುಳ್ಳನ್ನು ನಾಲ್ಕು ಗಂಟೆಗೆ ತಿರುಗಿಸಿಟ್ಟು ದೀಪವಾರಿಸಿದರೆ, ಅಂದಿನ ದಿನ ಮುಗಿಯಿತು.