ಸೋಂಪಿನ ತಟ್ಟೆಯ ದುಡ್ಡು

ಬೇಲೂರು, 25 ಡಿಸೆಂಬರ್ 2025, ಗುರುವಾರ

ಬೆಳಗಿನಿಂದ ಶಾಲಾ ಪ್ರವಾಸದ ಬಸ್ಸುಗಳು. ಗುಡಿ ಬಾಗಿಲಿನಿಂದ ನಮ್ಮ ಹೋಟೆಲಿನವರೆಗೂ ಜನವೋ ಜನ. ನಾಲ್ಕು ಗಂಟೆಗೆ ಸ್ವಲ್ಪ ಬಿಡುವಾದಾಗ ಸಪ್ಲೈ ಹುಡುಗ ಗಲ್ಲಾದ ಹತ್ತಿರ ಬಂದು ನಿಂತ. “ಅಣ್ಣ, ಆರನೇ ಟೇಬಲ್‌ನೋರು ನಂಗೆ ಅಂತ ಐವತ್ತು ರೂಪಾಯಿ ಬಿಲ್ಲಿನ ಜೊತೆಗೇ ಸ್ಕ್ಯಾನ್ ಮಾಡವ್ರೆ.” ಫೋನು ನೋಡಿದೆ. ಬಿಲ್ಲು 410, ಬಂದದ್ದು 460. ಕೊಟ್ಟೆ. ಕೇಳಿದ ಅಂತ ಕೊಟ್ಟೆ. ಕೇಳದೆ ಹೋದ ದಿನಗಳದ್ದು? ಸೋಂಪಿನ ತಟ್ಟೆಗೆ ನೋಟು ಬೀಳುತ್ತಿದ್ದಾಗ ಈ ಪ್ರಶ್ನೆಯೇ ಇರಲಿಲ್ಲ.

27 ಡಿಸೆಂಬರ್, ರಾತ್ರಿ

ಎರಡು ತಿಂಗಳ ಬಿಲ್ಲನ್ನೂ ಖಾತೆಯನ್ನೂ ತಾಳೆ ನೋಡಿದೆ. ಹೆಚ್ಚು ಬಂದದ್ದು 3,840 ರೂಪಾಯಿ. ಹತ್ತು, ಇಪ್ಪತ್ತು ಕೂಡಿಯೇ ಇಷ್ಟು. ಅದರಲ್ಲಿ ಗ್ಯಾಸು ತಂದಿದ್ದೇನೆ, ಹಾಲಿನವರಿಗೆ ಕೊಟ್ಟಿದ್ದೇನೆ. ನಿದ್ದೆ ಹತ್ತುತ್ತಿಲ್ಲ.

30 ಡಿಸೆಂಬರ್

ತಂಗಿ ಮಗಳನ್ನು ರೈಲು ಹತ್ತಿಸಲು ಅರಸೀಕೆರೆಗೆ ಹೋಗಿದ್ದೆ. ಲಂಡನ್ನಿನಲ್ಲಿ ಓದುತ್ತಾ ಹೋಟೆಲಿನಲ್ಲಿ ಕೆಲಸ ಮಾಡುತ್ತಾಳೆ. “ಅಲ್ಲಿ 2024ರ ಅಕ್ಟೋಬರ್ 1ರಿಂದ ಕಾಯ್ದೆನೇ ಬಂದಿದೆ ಮಾವ. ಟಿಪ್ಸಲ್ಲಿ ಓನರ್ ಮುರ್ಕೊಳ್ಳೋ ಹಾಗಿಲ್ಲ. ಮುಂದಿನ ತಿಂಗಳು ಮುಗಿಯೋದ್ರೊಳಗೆ ನ್ಯಾಯವಾಗಿ ಹಂಚಿಬಿಡಬೇಕು.”

ನಮ್ಮಲ್ಲಿ ಅಂಥ ಕಾಯ್ದೆಯಿಲ್ಲ. ಆದರೆ 2016ರಲ್ಲಿ ಐಟಿಸಿ ಹೋಟೆಲಿನ ತೆರಿಗೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕಾರ್ಡಿನಲ್ಲಿ ಬಂದ ಟಿಪ್ಸು ಮಾಲೀಕ ಕೊಡುವ ಸಂಬಳವಲ್ಲ, ಅವನು ಅದನ್ನು ನೌಕರರ ಪರವಾಗಿ ಟ್ರಸ್ಟಿಯಂತೆ ಇಟ್ಟುಕೊಂಡಿರುತ್ತಾನೆ ಎಂದಿತ್ತು. ಕಾರ್ಡಿಗೆ ಒಂದು ನ್ಯಾಯ, ಸ್ಕ್ಯಾನರಿಗೆ ಒಂದು ನ್ಯಾಯ ಇರುತ್ತದೆಯೇ?

2 ಜನವರಿ 2026

ಎಲ್ಲರನ್ನೂ ಕೂರಿಸಿ ಮಾತಾಡಿದೆ. “ಗಿರಾಕಿ ನಮ್ಮ ಮುಖ ನೋಡಿ ಕೊಡೋದು” ಅಂದರು ಸಪ್ಲೈ ಹುಡುಗರು. ಅದೂ ಸರಿಯೇ. ಆದರೆ ಪಾತ್ರೆ ತೊಳೆಯುವ ಅಕ್ಕ ಬಾಗಿಲಲ್ಲಿ ನಿಂತಿದ್ದರು. ಹಳೇಬೀಡಿನಿಂದ ಮೊದಲ ಬಸ್ಸಿಗೆ ಬರುತ್ತಾರೆ. ಸೋಪಿನ ನೀರಿಗೆ ಬೆರಳ ತುದಿಯೆಲ್ಲ ಬೆಳ್ಳಗೆ ಸುಕ್ಕುಗಟ್ಟಿ, ಉಗುರಿನ ಪಕ್ಕ ಸೀಳಿದೆ. ಆರು ವರ್ಷದಲ್ಲಿ ಯಾವ ಗಿರಾಕಿಯೂ ಅವರ ಮುಖ ನೋಡಿಲ್ಲ.

ಸುಮಾರು ಹೊತ್ತು ವಾದವಾಯಿತು. ಕೊನೆಗೆ ಒಪ್ಪಿದ್ದು ಇಷ್ಟು: ಕೈಗೆ ಬಂದದ್ದು ಪಡೆದವರಿಗೇ. ಸ್ಕ್ಯಾನರಿಗೆ ಬಂದದ್ದರಲ್ಲಿ ಅರ್ಧ ಸಪ್ಲೈಯವರಿಗೆ, ಅರ್ಧ ಭಟ್ಟರಿಗೂ ಒಳಗಿನ ಉಳಿದ ಮೂವರಿಗೂ. ನನಗೂ ಗಲ್ಲಾದಲ್ಲಿ ಕೂರುವ ಮಗನಿಗೂ ಪಾಲಿಲ್ಲ. ಶನಿವಾರ ಶನಿವಾರ ಲೆಕ್ಕ ಗೋಡೆಯ ಮೇಲೆ.

ಹಳೆಯ 3,840 ಇವತ್ತೇ ಹಂಚಿದೆ. ಅಕ್ಕನ ಪಾಲು 480. ಎಣಿಸದೆ ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

“ಸಂಬ್ಳದಲ್ಲಿ ಹಿಡ್ಕೊಳಾಕಿಲ್ವಾ ಅಣ್ಣ?”

ಇಲ್ಲ ಕಣಕ್ಕ ಅಂದೆ. ಬಸ್ಸಿಗೆ ಹೊರಟವರು ಬಾಗಿಲಿಂದ ವಾಪಸು ಬಂದು ಇನ್ನೊಂದು ಸಲ ಕೇಳಿದರು.