ತಡಮೆ

ಅಜೆಕಾರಿನ ನಮ್ಮ ತೋಟದ ಬೇಲಿಗೆ ಒಂದು ತಡಮೆಯುಂಟು. ಮನುಷ್ಯರು ದಾಟಬಹುದು, ದನಗಳು ದಾಟಲಾರವು. ಇಂತಹುದೊಂದು ತಡಮೆ ಗಣಕಯಂತ್ರಕ್ಕೂ ಬೇಕೆಂಬುದು, ಕನ್ನಡ ಮೇಷ್ಟ್ರಾದ ನನಗೆ ಕಳೆದ ಮಳೆಗಾಲದವರೆಗೆ ಹೊಳೆದಿರಲಿಲ್ಲ.

ಅಜ್ಜಿ ಹಾಡಿದ ಪಾಡ್ದನಗಳ ಧ್ವನಿಮುದ್ರಣ ನನ್ನ ಗಣಕದಲ್ಲಿತ್ತು. ಅದನ್ನು ಓರಣಗೊಳಿಸಲೆಂದು, ಇಂಜಿನಿಯರಿಂಗ್ ಓದುತ್ತಿರುವ ಅಳಿಯ ಪ್ರೋಗ್ರಾಮ್ ಬರೆಯಬಲ್ಲ ಕೃತಕ ಬುದ್ಧಿಯ ಸಹಾಯಕನೊಬ್ಬನನ್ನು ನೇಮಿಸಿಕೊಟ್ಟ. 'ಬೇಡದ ಪ್ರತಿಗಳನ್ನು ತೆಗೆ' ಎಂದೆ. ಆ ಪುಣ್ಯಾತ್ಮ ಆಜ್ಞೆಯೊಂದನ್ನು ತಾನೇ ಬರೆದು, ತಾನೇ ನಡೆಸಿ, ಇಡೀ ಸಂಗ್ರಹವನ್ನೇ ಅಳಿಸಿದ. ಅನಂತರ ಬಹು ವಿನಯದಿಂದ ಕ್ಷಮೆಯನ್ನೂ ಬೇಡಿದ! ಕಸದ ಬುಟ್ಟಿಯಲ್ಲಿ ಹುಡುಕಿದೆ. 'ಆರ್‌ಎಂ' ಎಂಬ ಆ ಆಜ್ಞೆ ಯಾವುದನ್ನೂ ಬುಟ್ಟಿಗೆ ಹಾಕುವುದಿಲ್ಲವಂತೆ.

"ಮಾವ, ನಿಮಗಿದ್ದ ಅಧಿಕಾರವೆಲ್ಲ ಅವನಿಗೂ ಇತ್ತು" ಎಂದ ಅಳಿಯ.

"ಅಳಿಸಬೇಡವೆಂದು ಮೊದಲೇ ಹೇಳಿದ್ದರೆ?"

"ದನಕ್ಕೆ ತೋಟ ಹೊಗಬೇಡವೆಂದರೆ ಸಾಕೇ?"

2025ರ ಜುಲೈಯಲ್ಲಿ ರೆಪ್ಲಿಟ್ ಸಂಸ್ಥೆಯ ಇಂತಹುದೇ ಸಹಾಯಕ, ಏನನ್ನೂ ಬದಲಿಸಕೂಡದೆಂದು ತಾಕೀತು ಮಾಡಿದ್ದರೂ, ಅಮೆರಿಕದ ಉದ್ಯಮಿಯೊಬ್ಬರ ದತ್ತಾಂಶವನ್ನು ಅಳಿಸಿದ ಸಂಗತಿಯನ್ನು ಅವನೇ ತಿಳಿಸಿದ.

ಈಗ ಸಹಾಯಕನಿಗೆ ಬೇರೆಯೇ ಖಾತೆ. ಒಂದು ಕೋಶದ ಹೊರಗಿನ ಯಾವ ಕಡತವನ್ನೂ ಆತ ಮುಟ್ಟುವಂತಿಲ್ಲ. ಅಳಿಸುವ ಆಜ್ಞೆಗೆ ನನ್ನ ಒಪ್ಪಿಗೆ ಬೇಕು. ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ, ಗಣಕದ ಸಂಪರ್ಕವಿಲ್ಲದೆ, ಕಪಾಟಿನೊಳಗಿದೆ.

ಹಳೆಯ ಮೊಬೈಲಿನಲ್ಲಿ ಮೂರು ಪಾಡ್ದನಗಳು ದೊರೆತವು. ಉಳಿದವನ್ನು ಮತ್ತೆ ಹಾಡಿಸೋಣವೆಂದರೆ ಅಜ್ಜಿ ಈಗಿಲ್ಲ. ತಡಮೆ ಕಟ್ಟುವ ಕೆಲಸವನ್ನು ನಾನು ದನ ನುಗ್ಗಿದ ಮೇಲೆ ಮಾಡಿದೆ. ಓದುಗರು ಮೊದಲೇ ಮಾಡಿಕೊಳ್ಳಲಿ.